ಕಟ್ಟುಮಸ್ತಾದ ಎದೆಯಲ್ಲೊಂದು ಗಂಟು

ಬೆಳಗಿನ ಐದೂವರೆ. ಮೈಸೂರಿನ ಅಗ್ರಹಾರ ಸರ್ಕಲ್ಲಿನಿಂದ ಒಳಕ್ಕೆ ಹೊರಳಿದ ರಸ್ತೆ. ಹಾಲಿನ ಬೂತಿನ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿ ಮೊದಲ ಮಹಡಿಗೆ ಬಂದಿದ್ದೀರಿ. ಬಾಗಿಲಲ್ಲೇ ಆಂಜನೇಯನ ಪಟ, ಅದರ ಮುಂದೆ ಅರ್ಧ ಉರಿದ ಊದಿನಕಡ್ಡಿ. ಎದುರು ಗೋಡೆಯಲ್ಲಿ ಅರ್ನಾಲ್ಡ್ ಶ್ವಾರ್ಜ್‌ನೆಗರ್‌ನ ಮಾಸಿದ ಪೋಸ್ಟರು. ಸ್ಪೀಕರಿನಲ್ಲಿ ಯಾವುದೋ ಸಿನಿಮಾ ಹಾಡು, ಅದನ್ನೂ ಮೀರಿ ಕಬ್ಬಿಣದ ಪ್ಲೇಟುಗಳ ಸದ್ದು.

ಮೂಲೆಯ ಬೆಂಚಿನ ಮೇಲೆ ಮಲಗಿರುವವನನ್ನು ನೋಡಿ. ಇಪ್ಪತ್ತಾರರ ಪ್ರಾಯ, ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಎರಡನೇ ಶಿಫ್ಟಿನ ಕೆಲಸ. ಅಜ್ಜ ಗರಡಿ ಮನೆಯ ಕೆಮ್ಮಣ್ಣಿನಲ್ಲಿ ಹೊರಳಿದ ಪೈಲ್ವಾನ. ಮೊಮ್ಮಗನ ಆಸೆ ದಸರಾ ದೇಹದಾರ್ಢ್ಯ ಸ್ಪರ್ಧೆಯ ವೇದಿಕೆ. ಅವನಿಗೆ ಹೆಸರು ಕೊಡುವುದು ಬೇಡ. ಇಂಥವರು ಊರೂರಲ್ಲಿ ಇದ್ದಾರೆ. ಅವರೆಲ್ಲರ ಪಾಡನ್ನು ಇವನೊಬ್ಬನ ಮೈಮೇಲೆ ಇಟ್ಟು ನೋಡೋಣ. ಜಿಮ್ಮಿನಿಂದ ಆಪರೇಷನ್ ಥಿಯೇಟರಿನವರೆಗೆ ಅವನ ಬೆನ್ನಿಗೇ ನಡೆಯುವ ಸಲುಗೆ ನಿಮಗಿದೆ ಎಂದುಕೊಳ್ಳಿ.

ನೂರು ಕೆ.ಜಿ.ಯ ಬಾರು ಎದೆಯ ಮಟ್ಟಕ್ಕೆ ಇಳಿಯುತ್ತದೆ. ತಾಗಬೇಕಾದ ಜಾಗಕ್ಕೆ ತಾಗುವ ಮೊದಲೇ ಅವನು ಅದನ್ನು ಮೇಲಕ್ಕೆ ತಳ್ಳಿಬಿಡುತ್ತಾನೆ. ಎಂಟು ಸಲವೂ ಅಷ್ಟೇ. ಎದ್ದು ಕೂತವನೇ ಬೆವರಿಗೆ ಅಂಟಿದ ಟೀ ಶರ್ಟನ್ನು ಎರಡು ಬೆರಳಿನಲ್ಲಿ ಹಿಡಿದು ಎದೆಯಿಂದ ಬಿಡಿಸಿಕೊಳ್ಳುತ್ತಾನೆ. ಸುತ್ತಲಿನ ಹುಡುಗರು ಅಂಗಿ ಕಳಚಿ ಕನ್ನಡಿಯ ಮುಂದೆ ಫೋಟೊ ಹೊಡೆದುಕೊಳ್ಳುತ್ತಿದ್ದಾರೆ. ಇವನದ್ದು ಕಪ್ಪು ಬಣ್ಣದ ದೊಗಳೆ ಟೀ ಶರ್ಟು, ಅದರೊಳಗೆ ಬಿಗಿಯಾದ ಬನಿಯನ್ನು. ಜೂನ್ ತಿಂಗಳ ಈ ಸೆಖೆಯಲ್ಲೂ ಎರಡು ಪದರ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಹಿರಿಯನೊಬ್ಬ ಅವನ ಭುಜ ತಟ್ಟುತ್ತಾನೆ. ‘ಗೈನೋ ಕಣೋ ಅದು. ಸೈಕಲ್ ಹಾಕಿದ್ಮೇಲೆ ಬರತ್ತೆ. ನನಗೂ ಬಂದಿತ್ತು.’ ಗೈನೋ ಎಂದರೆ ಗೈನೆಕೊಮಾಸ್ಟಿಯಾ, ಗಂಡಸಿನ ಎದೆಯಲ್ಲಿ ಸ್ತನ ಗ್ರಂಥಿ ಬೆಳೆಯುವುದು; ಸೈಕಲ್ ಎಂದರೆ ಕೆಲವು ವಾರಗಳ ಸ್ಟೆರಾಯ್ಡ್ ಸರದಿ. ಅಲ್ಲೇ ಇದ್ದ ಇನ್ನೊಬ್ಬ, ‘ಇನ್‌ಕ್ಲೈನ್ ಜಾಸ್ತಿ ಮಾಡು, ಕೇಬಲ್ ಫ್ಲೈ ಹೊಡಿ, ಕರಗುತ್ತೆ’ ಅನ್ನುತ್ತಾನೆ. ಮೂರನೆಯವನದ್ದು ಇನ್ನೊಂದು ದಾರಿ: ‘ಕಟ್ಟಿಂಗ್ ಮಾಡೋ, ಫ್ಯಾಟ್ ಹೋದ್ರೆ ಅದೂ ಹೋಗುತ್ತೆ.’ ಹಿರಿಯ ತನ್ನ ಬ್ಯಾಗಿನ ಒಳಜೇಬಿಗೆ ಕೈ ಹಾಕಿ, ಡಬ್ಬಿಯೂ ಇಲ್ಲದ, ಬಿಲ್ಲೂ ಇಲ್ಲದ ಮಾತ್ರೆಯ ಸ್ಟ್ರಿಪ್ಪೊಂದನ್ನು ಅವನ ಅಂಗೈಗೆ ಒತ್ತುತ್ತಾನೆ.

ಮೂರೂ ಸಲಹೆ ಪ್ರೀತಿಯಿಂದಲೇ ಬಂದವು. ಆದರೆ ಮೊಲೆತೊಟ್ಟಿನ ಹಿಂದೆ ಬೆಳೆದಿರುವುದು ಗ್ರಂಥಿಯಾಗಿದ್ದರೆ ಯಾವ ವ್ಯಾಯಾಮಕ್ಕೂ ಅದು ಕರಗುವುದಿಲ್ಲ. ಅದು ಕೂತಿರುವುದು ಎದೆಯ ಸ್ನಾಯುವಿನ ಮೇಲೆ. ಬೆಂಚ್ ಪ್ರೆಸ್ ಮಾಡಿದಷ್ಟೂ ಕೆಳಗಿನ ಸ್ನಾಯು ದಪ್ಪವಾಗಿ ಅದನ್ನು ಮುಂದಕ್ಕೆ ನೂಕುತ್ತದೆ. ಊಟ ಕಟ್ಟುಮಾಡಿ ಕೊಬ್ಬು ಇಳಿಸಿದರೆ ಸುತ್ತಲಿನ ಮರೆ ಹೋಗಿ ಗಂಟು ಇನ್ನಷ್ಟು ಎದ್ದು ಕಾಣುತ್ತದೆ. ಮೈ ಹುರಿಗೊಂಡಷ್ಟೂ ಈ ತೊಂದರೆ ಕಣ್ಣಿಗೆ ಹೊಡೆಯುವುದು ಅದಕ್ಕೇ. ಇನ್ನು ಆ ಮಾತ್ರೆ. ಅದು ಕೆಲಸ ಮಾಡುವ ಮಾತ್ರೆಯೇ ಇರಬಹುದು. ಆದರೆ ಯಾರಿಗೆ, ಯಾವಾಗ, ಎಷ್ಟು ಎಂಬುದು ಈ ಕೋಣೆಯಲ್ಲಿ ತೀರ್ಮಾನವಾಗುವ ಸಂಗತಿಯಲ್ಲ.

ಸೋಮವಾರ, ಹಾರ್ಮೋನು ತಜ್ಞರ ಹೊರರೋಗಿ ವಿಭಾಗ. ಸಕ್ಕರೆ ಕಾಯಿಲೆಯ ಅಜ್ಜಂದಿರು, ಥೈರಾಯ್ಡಿನ ಮಾತ್ರೆ ಬರೆಸಿಕೊಳ್ಳಲು ಬಂದ ಗೃಹಿಣಿಯರು, ಅವರ ನಡುವೆ ತೋಳು ಮಡಚಿ ಎದೆ ಮುಚ್ಚಿಕೊಂಡು ಕೂತ ನಮ್ಮ ಹುಡುಗ. ಟೋಕನ್ ಕೂಗುತ್ತಾರೆ. ಒಳಗೆ ಮೇಜಿನ ಆಚೆ ಕೂತ ಡಾಕ್ಟರು ತಲೆ ಎತ್ತದೆ ಒಂದೊಂದೇ ಪ್ರಶ್ನೆ ಹಾಕುತ್ತಾರೆ. ಎಷ್ಟು ದಿನದಿಂದ? ನೋವಿದೆಯೇ? ತೊಟ್ಟಿನಿಂದ ಏನಾದರೂ ಸೋರುತ್ತದೆಯೇ? ಕೂದಲು ಉದುರದಿರಲೆಂದು ಫಿನಾಸ್ಟರೈಡ್ ತಗೊಳ್ತೀರಾ? ಎದೆಯುರಿಗೆ ಏನಾದರೂ ಮಾತ್ರೆ? ಮದ್ಯ? ಒಂದೊಂದು ಪ್ರಶ್ನೆಯ ಹಿಂದೆಯೂ ಒಂದೊಂದು ಕಾರಣವಿದೆ. ಕೆಲವು ಬಿ.ಪಿ. ಮತ್ತು ಹೃದಯದ ಔಷಧಿ, ಮನೋರೋಗದ ಕೆಲವು ಮಾತ್ರೆ, ಕುಡಿತದಿಂದ ಹದಗೆಟ್ಟ ಯಕೃತ್ತು, ಹೆಚ್ಚಾದ ಥೈರಾಯ್ಡು, ಕೈಕೊಟ್ಟ ಮೂತ್ರಪಿಂಡ ಇವೆಲ್ಲವೂ ಗಂಡಸಿನ ಎದೆಯನ್ನು ಉಬ್ಬಿಸಬಲ್ಲವು.

‘ಜಿಮ್ಮಿಗೆ ಹೋಗ್ತೀರಿ. ಏನು ತಗೊಳ್ತೀರಿ?’

‘ಪ್ರೋಟೀನ್ ಅಷ್ಟೇ ಸಾರ್.’

ಡಾಕ್ಟರು ಈಗ ತಲೆ ಎತ್ತುತ್ತಾರೆ. ಗದರುವುದಿಲ್ಲ, ಪೆನ್ನಿನ ಮುಚ್ಚಳ ಹಾಕಿ ಸುಮ್ಮನೆ ಕೂರುತ್ತಾರೆ. ಹುಡುಗ ನಿಮ್ಮ ಕಡೆ ನೋಡುತ್ತಾನೆ, ಬಾಗಿಲ ಕಡೆ ನೋಡುತ್ತಾನೆ. ಆಮೇಲೆ ಒಂದೇ ಉಸಿರಿಗೆ ಎಲ್ಲ ಹೊರಬರುತ್ತದೆ. ಎರಡು ವರ್ಷದ ಹಿಂದೆ ಮೊದಲ ಸೈಕಲ್: ವಾರವಾರ ಟೆಸ್ಟೊಸ್ಟೆರಾನ್ ಇಂಜೆಕ್ಷನ್, ಜೊತೆಗೆ ಡಯನಾಬಾಲ್ ಎಂಬ ಸ್ಟೆರಾಯ್ಡ್ ಮಾತ್ರೆ. ಬಲಗಡೆ ಆಗಲೇ ಸಣ್ಣ ಗಂಟು ಬಂದಿತ್ತು. ಈ ವರ್ಷ ಎರಡನೇ ಸೈಕಲ್, ಅದರಲ್ಲಿ ಡೆಕಾ ಎಂಬ ಇನ್ನೊಂದು ಸ್ಟೆರಾಯ್ಡನ್ನೂ ಸೇರಿಸಿದ. ಎರಡು ತಿಂಗಳಿಂದ ಎಡಗಡೆಯೂ ನೋವು. ಹೆದರಿ ಐದು ವಾರದ ಹಿಂದೆ ಎಲ್ಲ ನಿಲ್ಲಿಸಿದ್ದಾನೆ. ಡಾಕ್ಟರು ಮುಚ್ಚಳ ತೆಗೆದು ಬರೆಯತೊಡಗುತ್ತಾರೆ. ಈ ಭೇಟಿಯಲ್ಲಿ ಅವರಿಗೆ ಬೇಕಿದ್ದ ದೊಡ್ಡ ಮಾಹಿತಿ ಸಿಕ್ಕಿತು.

‘ಮಲಗಿ. ಕೈ ಎರಡೂ ತಲೆ ಹಿಂದೆ.’ ಹೆಬ್ಬೆರಳು, ತೋರುಬೆರಳು ಎದೆಯ ಎರಡು ಬದಿಯಿಂದ ಹೊರಟು ಮೆಲ್ಲಗೆ ತೊಟ್ಟಿನ ಕಡೆ ಸರಿಯುತ್ತವೆ. ಇಡೀ ಪ್ರಕರಣದ ಮೊದಲ ತೀರ್ಪು ಕೊಡುವುದು ಈ ಎರಡು ಬೆರಳು. ಬರೀ ಕೊಬ್ಬಾದರೆ ಬೆರಳುಗಳು ತೊಟ್ಟಿನವರೆಗೂ ತಡೆಯಿಲ್ಲದೆ ಬಂದು ಸೇರುತ್ತವೆ. ಗ್ರಂಥಿಯಾದರೆ ತೊಟ್ಟಿನ ಕೆಳಗೆ, ಅದರ ಸುತ್ತ ಸಮನಾಗಿ ಹರಡಿದ ಒಂದು ಬಿಲ್ಲೆ ತಡೆಯುತ್ತದೆ. ಡಾಕ್ಟರು ನಿಮ್ಮ ಕೈಯನ್ನೂ ಅಲ್ಲಿಗೆ ಕರೆಯುತ್ತಾರೆ. ಎಡಗಡೆಯದು ಎಳೆಯದು, ಮುಟ್ಟಿದರೆ ಹುಡುಗ ಹುಬ್ಬು ಗಂಟಿಕ್ಕುತ್ತಾನೆ. ಬಲಗಡೆಯದು ಎಳನೀರಿನ ಗಂಜಿಗಿಂತ ಗಟ್ಟಿ, ಬಲಿತ ಕೊಬ್ಬರಿಗಿಂತ ಮೆದು. ಅಲ್ಲಾಡಿಸಿದರೆ ಅಲ್ಲಾಡುತ್ತದೆ, ಚರ್ಮಕ್ಕೂ ಸ್ನಾಯುವಿಗೂ ಕಚ್ಚಿಕೊಂಡಿಲ್ಲ.

ಕಚ್ಚಿಕೊಂಡಿಲ್ಲ ಎಂಬುದು ಮುಖ್ಯ. ಕಲ್ಲಿನಂತಾಗಿ, ತೊಟ್ಟಿನಿಂದ ಪಕ್ಕಕ್ಕೆ ಸರಿದು ಒಂದೇ ಕಡೆ ಬೆಳೆದ, ಚರ್ಮವನ್ನು ಒಳಕ್ಕೆಳೆಯುವ, ರಕ್ತ ಸೋರಿಸುವ ಗಂಟಾಗಿದ್ದರೆ ಮಾತೇ ಬೇರೆಯಾಗುತ್ತಿತ್ತು. ಸ್ತನ ಕ್ಯಾನ್ಸರಿನ ನೂರು ರೋಗಿಗಳಲ್ಲಿ ಸುಮಾರು ಒಬ್ಬರು ಗಂಡಸರು. ಡಾಕ್ಟರು ಕಂಕುಳಲ್ಲೂ ಬೆರಳಾಡಿಸಿ ನೋಡುತ್ತಾರೆ. ಆಮೇಲೆ ಪರದೆ ಎಳೆದು ವೃಷಣಗಳನ್ನೂ ಪರೀಕ್ಷಿಸುತ್ತಾರೆ. ಅಲ್ಲಿನ ಕೆಲವು ಗೆಡ್ಡೆಗಳು ಹಾರ್ಮೋನು ಸುರಿಸಿ ಎದೆಯಲ್ಲಿ ಗಂಟು ಎಬ್ಬಿಸುವುದುಂಟು. ಎದೆಯನ್ನಷ್ಟೇ ನೋಡಿ ಕಳಿಸಿದರೆ ಮೂಲ ಕಾಯಿಲೆ ಕೆಳಗೇ ಉಳಿದುಬಿಡುತ್ತದೆ. ಈ ಹುಡುಗನಲ್ಲಿ ಗೆಡ್ಡೆಯಿಲ್ಲ. ಆದರೆ ವೃಷಣಗಳು ವಯಸ್ಸಿಗೆ ಇರಬೇಕಾದ್ದಕ್ಕಿಂತ ಚಿಕ್ಕದಾಗಿ, ಮೆತ್ತಗಾಗಿವೆ.

‘ಗಂಡಸಿನ ಹಾರ್ಮೋನ್ ಹಾಕ್ಕೊಂಡ್ರೆ ಹೆಂಗಸಿನ ಥರ ಎದೆ ಹೇಗೆ ಬರುತ್ತೆ ಸಾರ್?’ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಅವನು ಕೇಳುತ್ತಾನೆ. ನಿಮಗೂ ಇದೇ ಪ್ರಶ್ನೆ ಇತ್ತು.

ಡಾಕ್ಟರು ಪ್ರಿಸ್ಕ್ರಿಪ್ಷನ್ ಹಾಳೆಯ ಹಿಂಬದಿ ತಿರುಗಿಸಿ ಎರಡು ಬಾಣ ಬರೆಯುತ್ತಾರೆ. ಟೆಸ್ಟೊಸ್ಟೆರಾನನ್ನು 1935ರಲ್ಲಿ ಹೋರಿಯ ವೃಷಣದಿಂದ ಬೇರ್ಪಡಿಸಿದರು. ಅದೇ ವರ್ಷ ಪ್ರಯೋಗಾಲಯದಲ್ಲೂ ತಯಾರಿಸಿದರು. ಅಂದಿನಿಂದ ಅದು ಸೀಸೆಯಲ್ಲಿ ಸಿಗುವ ವಸ್ತು. ಆದರೆ ದೇಹಕ್ಕೆ ಅದರ ಮೇಲೆ ತನ್ನದೇ ಲೆಕ್ಕವಿದೆ. ಅರೋಮಟೇಸ್ ಎಂಬ ಕಿಣ್ವ ಪ್ರತಿ ಗಂಡಸಿನ ಮೈಯಲ್ಲೂ ಒಂದಿಷ್ಟು ಟೆಸ್ಟೊಸ್ಟೆರಾನನ್ನು ಈಸ್ಟ್ರೊಜೆನ್ ಆಗಿ ಬದಲಿಸುತ್ತಿರುತ್ತದೆ. ಹೊರಗಿನಿಂದ ಹತ್ತಾರು ಪಟ್ಟು ಸುರಿದರೆ ಈಸ್ಟ್ರೊಜೆನ್ನೂ ಏರುತ್ತದೆ. ಎಲ್ಲ ಗಂಡಸರ ಎದೆಯಲ್ಲೂ ತೊಟ್ಟಿನ ಹಿಂದೆ ಒಂದು ಚೂರು ಗ್ರಂಥಿ ಹುಟ್ಟಿನಿಂದಲೇ ಇರುತ್ತದೆ. ಈಸ್ಟ್ರೊಜೆನ್ ಮೇಲುಗೈಯಾದಾಗ ಅದು ಬೆಳೆಯುತ್ತದೆ. ಮೊದಲ ಬಾಣ ಇದು.

ಎರಡನೆಯದು ಇನ್ನೂ ಕುತಂತ್ರಿ. ಹೊರಗಿನಿಂದ ಬರುತ್ತಿದೆಯಲ್ಲ ಎಂದು ಮಿದುಳು ತನ್ನ ಆಜ್ಞೆ ನಿಲ್ಲಿಸುತ್ತದೆ, ವೃಷಣ ಕೆಲಸ ಬಿಡುತ್ತದೆ, ವೀರ್ಯಾಣು ಕುಸಿಯುತ್ತದೆ. ಸೈಕಲ್ ನಿಲ್ಲಿಸಿದಾಗ ಸ್ವಂತ ಟೆಸ್ಟೊಸ್ಟೆರಾನ್ ತಳ ಹಿಡಿದಿರುತ್ತದೆ. ಈಸ್ಟ್ರೊಜೆನ್ ಮಾತ್ರ ಅಷ್ಟು ಬೇಗ ಇಳಿಯುವುದಿಲ್ಲ. ಇಂಜೆಕ್ಷನ್ ನಡೆಯುವಾಗ ಸುಮ್ಮನಿದ್ದ ಎದೆ ನಿಲ್ಲಿಸಿದ ಮೇಲೆ ಊದಿಕೊಳ್ಳುವುದು ಹೀಗೆ. ಹಾಗೆಂದು ಇಂಜೆಕ್ಷನ್ ಮುಂದುವರಿಸುವುದು ಪರಿಹಾರವಲ್ಲ; ಒಳ್ಳೆಯ ಕೊಲೆಸ್ಟರಾಲ್ ಆದ ಎಚ್‌ಡಿಎಲ್ ಕುಸಿಯುತ್ತದೆ, ರಕ್ತ ಗಟ್ಟಿಯಾಗುತ್ತದೆ, ಹೃದಯಕ್ಕೆ ಹೊರೆ ಬೀಳುತ್ತದೆ.

‘ಹಾಗಾದ್ರೆ ಪ್ರೋಟೀನೂ ಬಿಡ್ಬೇಕಾ?’

ವೇ ಪ್ರೋಟೀನಿನಿಂದ ಎದೆ ಬೆಳೆಯುತ್ತದೆ ಎನ್ನಲು ಆಧಾರವಿಲ್ಲ. ಆದರೆ ‘ಟೆಸ್ಟೊ ಬೂಸ್ಟರ್’, ‘ಮಾಸ್ ಗೇನರ್’ ಎಂದು ಮಾರುವ ಡಬ್ಬಿಗಳಲ್ಲಿ ಲೇಬಲ್ಲಿನಲ್ಲಿ ಬರೆಯದ ಸ್ಟೆರಾಯ್ಡ್ ಸಿಕ್ಕ ಪ್ರಕರಣಗಳು ಜಗತ್ತಿನ ಹಲವೆಡೆ ಆಗಿವೆ. ಡಬ್ಬಿಗಳನ್ನು ಮುಂದಿನ ಸಲ ತಂದು ತೋರಿಸು ಎನ್ನುತ್ತಾರೆ ಡಾಕ್ಟರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಮೊದಲೇ ರಕ್ತ ಕೊಡಬೇಕು, ಏಕೆಂದರೆ ಟೆಸ್ಟೊಸ್ಟೆರಾನ್ ಅತಿ ಹೆಚ್ಚಿರುವುದು ಬೆಳಗಿನ ಹೊತ್ತು. ಪಟ್ಟಿ ಉದ್ದವಿದೆ: ಟೆಸ್ಟೊಸ್ಟೆರಾನ್, ಈಸ್ಟ್ರಡಯಾಲ್, ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್, ಎಚ್‌ಸಿಜಿ, ಥೈರಾಯ್ಡ್, ಯಕೃತ್ತು, ಕ್ರಿಯಾಟಿನಿನ್. ಬಲಗಡೆಯದು ಹಳೆಯ ಗಂಟಾದ್ದರಿಂದ ಒಂದು ಅಲ್ಟ್ರಾಸೌಂಡು. ಕತ್ತಲೆ ಕೋಣೆಯಲ್ಲಿ ತಣ್ಣನೆಯ ಜೆಲ್ ಸವರಿದಾಗ ಆ ದೊಡ್ಡ ದೇಹ ಸಣ್ಣಗೆ ನಡುಗುವುದನ್ನು ನೀವು ನೋಡುತ್ತೀರಿ.

ಮೂರು ದಿನದ ಮೇಲೆ ಅದೇ ಕುರ್ಚಿ. ವರದಿ ಡಾಕ್ಟರು ಊಹಿಸಿದಂತೆಯೇ ಇದೆ. ವೃಷಣಕ್ಕೆ ಮಿದುಳಿನ ಆಜ್ಞೆ ಒಯ್ಯುವ ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ನೆಲ ಹಿಡಿದಿವೆ, ಟೆಸ್ಟೊಸ್ಟೆರಾನ್ ಇರಬೇಕಾದ ಮಟ್ಟಕ್ಕಿಂತ ಕೆಳಗೆ. ಗೆಡ್ಡೆಯ ಸುಳಿವಿಲ್ಲ. ಎರಡೂ ಕಡೆ ಇರುವುದು ಸ್ತನ ಗ್ರಂಥಿಯೇ. ಬಲಗಡೆ ಮೂರು ಸೆಂಟಿಮೀಟರು, ಎಡಗಡೆ ಎರಡಕ್ಕಿಂತ ಕಡಿಮೆ.

‘ಸಾರ್, ಎರಡೂ ತೆಗೆದುಬಿಡಿ. ದಸರಾಕ್ಕೆ ಸ್ಟೇಜ್ ಹತ್ತಬೇಕು.’

‘ಎರಡಕ್ಕೂ ಒಂದೇ ಚಿಕಿತ್ಸೆ ಅಲ್ಲ’ ಎನ್ನುತ್ತಾರೆ ಡಾಕ್ಟರು. ಇಡೀ ಸಂಗತಿಯ ತಿರುಳು ಈ ಮಾತಿನಲ್ಲಿದೆ.

ಗ್ರಂಥಿ ಹೊಸದಾಗಿ ಬೆಳೆಯುವಾಗ ಅದರ ನಾಳಗಳು ಕವಲೊಡೆಯುತ್ತಿರುತ್ತವೆ, ಸುತ್ತ ಊತವಿರುತ್ತದೆ, ಮುಟ್ಟಿದರೆ ನೋಯುತ್ತದೆ. ಔಷಧಿ ಕೇಳುವುದು ಈ ಹಂತದಲ್ಲಿ. ಸುಮಾರು ಒಂದು ವರ್ಷ ಕಳೆಯುವ ಹೊತ್ತಿಗೆ ಊತ ಇಳಿದು, ಆ ಜಾಗದಲ್ಲಿ ನಾರಿನಂಶ ತುಂಬಿ ಗಂಟು ಬಲಿಯುತ್ತದೆ. ಆಮೇಲೆ ನೋವಿರುವುದಿಲ್ಲ, ಔಷಧಿಗೆ ಅದು ಜಗ್ಗುವುದೂ ಅಪರೂಪ. ನೋವು ಹೋಯಿತು, ವಾಸಿಯಾಯಿತು ಎಂದು ಜಿಮ್ಮಿನಲ್ಲಿ ಅಂದುಕೊಳ್ಳುವುದು ಸಾಮಾನ್ಯವಾಗಿ ಈ ಬಲಿತ ಹಂತವನ್ನೇ. ಇವನ ಎಡಗಡೆಗೆ ಔಷಧಿಯ ಬಾಗಿಲು ಇನ್ನೂ ತೆರೆದಿದೆ. ಬಲಗಡೆಗೆ ಅದು ಮುಚ್ಚಿ ಬಹಳ ಕಾಲವಾಯಿತು.

ಎಡಗಡೆಗಾಗಿ ಟ್ಯಾಮಾಕ್ಸಿಫೆನ್ ಬರೆಯುತ್ತಾರೆ. ಸ್ತನ ಕ್ಯಾನ್ಸರಿಗೆಂದು 1970ರ ದಶಕದಿಂದ ಬಳಕೆಯಲ್ಲಿರುವ ಮಾತ್ರೆ ಇದು. ಎದೆಯ ಗ್ರಂಥಿಯಲ್ಲಿ ಈಸ್ಟ್ರೊಜೆನ್ ಕೂರಬೇಕಾದ ಜಾಗದಲ್ಲಿ ತಾನೇ ಕೂತು ಅದನ್ನು ತಡೆಯುತ್ತದೆ. ಗಂಡಸರ ಈ ತೊಂದರೆಗೆ ಎಂದು ಅಧಿಕೃತವಾಗಿ ಮಂಜೂರಾದ ಔಷಧಿಯಲ್ಲ. ಅನುಭವದ ಮೇಲೆ ತಜ್ಞರು ಕೊಡುತ್ತಾರೆ, ಸಾಮಾನ್ಯವಾಗಿ ದಿನಕ್ಕೆ 10ರಿಂದ 20 ಮಿಲಿಗ್ರಾಂ, ಮೂರು ತಿಂಗಳವರೆಗೆ. ಹುಡುಗ ಜೇಬಿನಿಂದ ಆ ಡಬ್ಬಿಯಿಲ್ಲದ ಸ್ಟ್ರಿಪ್ಪನ್ನು ತೆಗೆದು ಮೇಜಿನ ಮೇಲಿಡುತ್ತಾನೆ. ಅದು ಅನಾಸ್ಟ್ರಜೋಲ್. ಅರೋಮಟೇಸನ್ನೇ ಕಟ್ಟಿಹಾಕುವ ಮಾತ್ರೆ. ಕೇಳಲು ಇದೇ ಹೆಚ್ಚು ಜಾಣತನ ಎನಿಸುತ್ತದೆ. ಆದರೆ ಹದಿಹರೆಯದ ಹುಡುಗರ ಮೇಲೆ ನಡೆದ ಪರೀಕ್ಷೆಯಲ್ಲಿ ಬೆಳೆದ ಗ್ರಂಥಿಯನ್ನು ಕುಗ್ಗಿಸುವುದರಲ್ಲಿ ಅದು ಔಷಧವಿಲ್ಲದ ಮಾತ್ರೆಗಿಂತ ಹೇಳಿಕೊಳ್ಳುವಷ್ಟು ಮೇಲಾಗಲಿಲ್ಲ.

ಟ್ಯಾಮಾಕ್ಸಿಫೆನ್ನಿಗೂ ತನ್ನ ಅಪಾಯವಿದೆ, ಮುಖ್ಯವಾಗಿ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು. ಸ್ಟೆರಾಯ್ಡಿನಿಂದ ಮೊದಲೇ ರಕ್ತ ಗಟ್ಟಿಯಾದವನಿಗೆ ಇದು ಸಣ್ಣ ಮಾತಲ್ಲ. ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೇ ಎಂದು ಕೇಳಿ, ಹಿಮೋಗ್ಲೋಬಿನ್ ವರದಿ ನೋಡಿ, ಕಾಲು ಊದಿಕೊಂಡರೆ ಅಥವಾ ಉಸಿರು ಸಿಕ್ಕಿಕೊಂಡರೆ ತಡಮಾಡದೆ ಬರಬೇಕು ಎಂದು ಎಚ್ಚರಿಸಿಯೇ ಚೀಟಿ ಕೊಡುತ್ತಾರೆ. ಜಿಮ್ಮಿನ ಬ್ಯಾಗು ಈ ಪ್ರಶ್ನೆಗಳನ್ನು ಕೇಳುವುದಿಲ್ಲ.

ದಸರಾದ ವಿಚಾರ? ಡೋಪಿಂಗ್ ಪರೀಕ್ಷೆ ಇರುವ ಯಾವ ಸ್ಪರ್ಧೆಯಲ್ಲೂ ಸ್ಟೆರಾಯ್ಡುಗಳಷ್ಟೇ ಅಲ್ಲ, ಟ್ಯಾಮಾಕ್ಸಿಫೆನ್, ಅನಾಸ್ಟ್ರಜೋಲ್ ಎರಡೂ ನಿಷಿದ್ಧ. ವಿಶ್ವ ಡೋಪಿಂಗ್ ತಡೆ ಸಂಸ್ಥೆಯ ಪಟ್ಟಿಯಲ್ಲಿ ಅವು ಸ್ಪರ್ಧೆಯ ದಿನವಷ್ಟೇ ಅಲ್ಲ, ವರ್ಷವಿಡೀ ನಿಷೇಧಿತ. ‘ಈ ವರ್ಷದ ಸ್ಟೇಜ್ ಮರೆತುಬಿಡು’ ಎನ್ನುತ್ತಾರೆ ಡಾಕ್ಟರು. ಹುಡುಗ ಹಾಳೆಯ ಮೇಲಿನ ಬಾಣಗಳನ್ನೇ ನೋಡುತ್ತಾನೆ.

ಬಲಗಡೆಗಾಗಿ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗಿದ್ದೀರಿ. ಅವರು ಅಂಗಿ ಬಿಚ್ಚಿಸಿ, ನಿಲ್ಲಿಸಿ, ಪಕ್ಕಕ್ಕೆ ತಿರುಗಿಸಿ, ಎದೆಯ ಸ್ನಾಯು ಬಿಗಿ ಹಿಡಿಯಲು ಹೇಳಿ ನೋಡುತ್ತಾರೆ. 1973ರಲ್ಲಿ ಸೈಮನ್ ಮತ್ತು ಸಹೋದ್ಯೋಗಿಗಳು ಮಾಡಿದ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ. ಅದು ನೋಡುವುದು ಎರಡನ್ನು: ಎದೆ ಎಷ್ಟು ದೊಡ್ಡದು, ಹೆಚ್ಚುವರಿ ಚರ್ಮ ಇದೆಯೇ ಇಲ್ಲವೇ. ಈ ಹುಡುಗನದು ಮೊದಲ ದರ್ಜೆ. ಚರ್ಮ ಬಿಗಿಯಾಗಿದೆ, ಗಂಟನ್ನಷ್ಟೇ ತೆಗೆದರೆ ಸಾಕು. ಬಹಳ ತೂಕ ಇಳಿಸಿ ಚರ್ಮ ಜೋತುಬಿದ್ದವರಿಗೆ ಚರ್ಮವನ್ನೂ ಕತ್ತರಿಸಬೇಕಾಗುತ್ತದೆ, ಕೆಲವರಿಗೆ ತೊಟ್ಟಿನ ಜಾಗವನ್ನೇ ಬದಲಿಸಬೇಕಾಗುತ್ತದೆ. ಅಲ್ಲಿ ಗಾಯದ ಗುರುತೂ ಉದ್ದ.

ಆದರೆ ಸರ್ಜನ್ ದಿನಾಂಕ ಕೊಡುವುದಿಲ್ಲ. ಸ್ಟೆರಾಯ್ಡ್ ನಿಂತು ಕನಿಷ್ಠ ಆರು ತಿಂಗಳಾಗಬೇಕು, ಹಾರ್ಮೋನು ನೆಲೆಗೆ ಬರಬೇಕು, ಎಡಗಡೆ ಏನಾಗುತ್ತದೆ ನೋಡಬೇಕು, ಅವರ ಷರತ್ತುಗಳಿವು. ಮುಂದಿನ ಸೈಕಲ್ ಹಾಕುವ ಯೋಚನೆ ಇದ್ದರೆ ಈಗಲೇ ಹೇಳಿಬಿಡು ಎಂದು ನೇರವಾಗಿ ಕೇಳುತ್ತಾರೆ. ಚಾಕು ಗ್ರಂಥಿಯನ್ನು ತೆಗೆಯಬಲ್ಲದು, ಕಾರಣವನ್ನಲ್ಲ. ಉಳಿದ ಚೂರು ಗ್ರಂಥಿಗೆ ಮತ್ತೆ ಈಸ್ಟ್ರೊಜೆನ್ ಸುರಿದರೆ ಅದು ಮತ್ತೆ ಬೆಳೆಯುತ್ತದೆ. ಖರ್ಚಿನ ಮಾತೂ ಬರುತ್ತದೆ: ಸೌಂದರ್ಯದ ಶಸ್ತ್ರಚಿಕಿತ್ಸೆಯನ್ನು ಆರೋಗ್ಯ ವಿಮೆ ಸಾಮಾನ್ಯವಾಗಿ ಹೊರಗಿಡುತ್ತದೆ, ಆದ್ದರಿಂದ ಪಾಲಿಸಿಯ ಷರತ್ತು ಓದಿ, ವಿಮಾ ಕಂಪನಿಯಿಂದ ಉತ್ತರವನ್ನು ಬರಹದಲ್ಲಿ ಪಡೆದು ಮುಂದುವರಿಯುವುದು ಒಳ್ಳೆಯದು.

ದಸರಾ ಬಂದು ಹೋಗುತ್ತದೆ. ಅವನು ಸ್ಪರ್ಧೆ ನೋಡಲು ಹೋಗಿ ಪ್ರೇಕ್ಷಕರ ಸಾಲಿನಲ್ಲಿ ಕೂತು ಬಂದಿದ್ದಾನೆ. ಇಂಜೆಕ್ಷನ್ ಬಿಟ್ಟ ಮೇಲಿನ ಮೊದಲ ತಿಂಗಳುಗಳು ಅವನಿಗೆ ಕಠಿಣವಾಗಿದ್ದವು. ಸುಸ್ತು, ಬೇಸರ, ಎತ್ತುತ್ತಿದ್ದ ಭಾರದಲ್ಲಿ ಇಳಿತ. ಆ ಹೊತ್ತಿನಲ್ಲಿ ಮತ್ತೆ ಸೂಜಿ ಹಿಡಿಯುವವರೇ ಬಹಳ. ಇವನು ತಿಂಗಳಿಗೊಮ್ಮೆ ಹಾರ್ಮೋನು ತಜ್ಞರ ಮುಂದೆ ಕೂತು ಅದನ್ನು ದಾಟಿದ. ಎಡಗಡೆಯ ನೋವು ಕೆಲವೇ ವಾರದಲ್ಲಿ ಹೋಯಿತು. ಮೂರು ತಿಂಗಳಿಗೆ ಗಂಟು ಬೆರಳಿಗೆ ಸಿಗದಷ್ಟು ಕುಗ್ಗಿತು. ಬಲಗಡೆಯದು ಒಂದು ಮಿಲಿಮೀಟರೂ ಕದಲಲಿಲ್ಲ. ಎಲ್‌ಎಚ್, ಟೆಸ್ಟೊಸ್ಟೆರಾನ್ ಎರಡೂ ನಿಧಾನವಾಗಿ ಮೇಲೆ ಬಂದಿವೆ.

ಜನವರಿಯ ಒಂದು ಬೆಳಿಗ್ಗೆ. ಆಪರೇಷನ್ ಥಿಯೇಟರಿನ ಹೊರಗಿನ ಕೋಣೆಯಲ್ಲಿ ಅವನು ಬರಿಮೈಯಲ್ಲಿ ನಿಂತಿದ್ದಾನೆ. ನೀವು ಹಸಿರು ಗೌನು, ಟೋಪಿ, ಮಾಸ್ಕ್ ತೊಟ್ಟಿದ್ದೀರಿ. ಸರ್ಜನ್ ಮಾರ್ಕರ್ ಪೆನ್ನು ಹಿಡಿದು ಅವನ ಎದೆಯ ಮೇಲೆ ಗಂಟಿನ ಅಂಚು, ಸ್ನಾಯುವಿನ ಗೆರೆ, ಎದೆಯ ಕೆಳಮಡಿಕೆ ಎಲ್ಲ ಬರೆಯುತ್ತಾರೆ. ನಿಂತಾಗಲೇ ಬರೆಯಬೇಕು, ಮಲಗಿದರೆ ಎಲ್ಲವೂ ಸರಿದುಬಿಡುತ್ತದೆ. ಅರಿವಳಿಕೆ ತಜ್ಞರು ಮತ್ತೊಮ್ಮೆ ಕೇಳುತ್ತಾರೆ: ಕೊನೆಯ ಇಂಜೆಕ್ಷನ್ ಯಾವಾಗ? ಮೀನೆಣ್ಣೆ ಮಾತ್ರೆ, ವಿಟಮಿನ್ ಇ, ಆಸ್ಪಿರಿನ್, ಪ್ರಿ ವರ್ಕೌಟ್ ಪುಡಿ ನಿಲ್ಲಿಸಿದ್ದೀಯಾ? ಇವುಗಳಲ್ಲಿ ಕೆಲವು ರಕ್ತಸ್ರಾವ ಹೆಚ್ಚಿಸುತ್ತವೆ, ಕೆಲವು ಹೃದಯದ ಬಡಿತ ಏರಿಸುತ್ತವೆ. ಈ ಮೇಜಿನ ಮೇಲೆ ಮುಚ್ಚಿಟ್ಟ ಸತ್ಯ ಪ್ರಾಣಕ್ಕೇ ಕುತ್ತು ತರಬಹುದು.

ಒಳಗೆ ತಂಪು. ಮಾನಿಟರಿನ ಏಕತಾನದ ಸದ್ದು. ಅರಿವಳಿಕೆಗೆ ಅವನ ರೆಪ್ಪೆ ಮುಚ್ಚುತ್ತದೆ. ಕಂದು ಬಣ್ಣದ ಪೋವಿಡೋನ್ ಅಯೋಡಿನ್ ಕುತ್ತಿಗೆಯಿಂದ ಹೊಟ್ಟೆಯವರೆಗೆ ಹರಡುತ್ತದೆ. ಮೊದಲು ಪಕ್ಕದಲ್ಲಿ ಅಕ್ಕಿಕಾಳಿನಷ್ಟು ರಂಧ್ರ ಮಾಡಿ ಉಪ್ಪುನೀರು, ಲಿಗ್ನೊಕೇನ್, ಅಡ್ರಿನಲಿನ್ ಬೆರೆತ ದ್ರವವನ್ನು ಚರ್ಮದ ಕೆಳಗೆ ತುಂಬುತ್ತಾರೆ. ಅಡ್ರಿನಲಿನ್ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ನೋಡನೋಡುತ್ತಿದ್ದಂತೆ ಚರ್ಮ ಬಿಳಿಚಿಕೊಳ್ಳುತ್ತದೆ. ಹತ್ತು ಹದಿನೈದು ನಿಮಿಷ ಎಲ್ಲರೂ ಕಾಯುತ್ತಾರೆ. ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್ 1980ರ ದಶಕದಲ್ಲಿ ರೂಢಿಗೆ ತಂದ ವಿಧಾನ ಇದು.

ಆಮೇಲೆ ತೆಳುವಾದ ಉಕ್ಕಿನ ಕೊಳವೆ ಒಳಹೋಗುತ್ತದೆ. ಲೈಪೋಸಕ್ಷನ್. ಸರ್ಜನ್ ಕೈ ಹಿಂದೆ ಮುಂದೆ ಆಡಿದಂತೆ ಪಾರದರ್ಶಕ ನಳಿಕೆಯಲ್ಲಿ ಹಳದಿ ಕೊಬ್ಬು ಸರಿಯುತ್ತದೆ. ಸಾಮಾನ್ಯ ರೋಗಿಯಲ್ಲಿ ಇದೇ ದೊಡ್ಡ ಕೆಲಸ. ಎದೆಯಲ್ಲಿ ಬರೀ ಕೊಬ್ಬಿದ್ದವರಿಗೆ ಇಷ್ಟರಲ್ಲೇ ಮುಗಿಯುವುದೂ ಉಂಟು. ಇವನಲ್ಲಿ ಕೊಬ್ಬು ಸ್ವಲ್ಪವೇ. ಅಂಚುಗಳನ್ನು ನಯಮಾಡಲು ಎಷ್ಟು ಬೇಕೋ ಅಷ್ಟು ತೆಗೆದು ನಿಲ್ಲಿಸುತ್ತಾರೆ. ಗಟ್ಟಿ ಗ್ರಂಥಿ ಈ ಕೊಳವೆಗೆ ಸಿಗುವುದಿಲ್ಲ. ಲೈಪೋಸಕ್ಷನ್ ಒಂದರಲ್ಲೇ ಮುಗಿಸುತ್ತೇವೆ ಎಂಬ ಜಾಹೀರಾತು ನಂಬಿದ ವ್ಯಾಯಾಮಪಟುಗಳು ತೊಟ್ಟಿನ ಹಿಂದಿನ ಗಂಟನ್ನು ಹಾಗೆಯೇ ಹೊತ್ತು ವಾಪಸಾಗುವುದು ಇದರಿಂದಲೇ.

ಈಗ ಬ್ಲೇಡು. ತೊಟ್ಟಿನ ಸುತ್ತಲ ಕಂದು ವೃತ್ತದ ಕೆಳ ಅಂಚಿನಲ್ಲಿ, ಎರಡು ಬಣ್ಣ ಸೇರುವ ಗೆರೆಯಲ್ಲೇ, ಅರ್ಧಚಂದ್ರಾಕಾರದ ಒಂದು ಕೊಯ್ತ. ಅಮೆರಿಕದ ಸರ್ಜನ್ ವೆಬ್‌ಸ್ಟರ್ 1946ರಲ್ಲಿ ಪ್ರಕಟಿಸಿದ ಮಾರ್ಗದಿಂದ ಬಂದದ್ದು. ಗಾಯ ಮಾಗಿದ ಮೇಲೆ ಬಣ್ಣಗಳ ಗಡಿಯಲ್ಲಿ ಗೆರೆ ಅಡಗಿಬಿಡುತ್ತದೆ. ‘ಗಂಡಸರ ಎದೆಗೆ ಅರ್ಧಚಂದ್ರದ ಕೊಯ್ತವನ್ನು ಮೊದಲು ಬರೆದಿಟ್ಟವನು 7ನೇ ಶತಮಾನದ ಗ್ರೀಕ್ ವೈದ್ಯ ಈಜೈನಾದ ಪೌಲ’ ಎನ್ನುತ್ತಾರೆ ಸರ್ಜನ್, ಕೈ ನಿಲ್ಲಿಸದೆ. ಅವನದು ಎದೆಯ ಕೆಳಗಿನ ಕೊಯ್ತ, ಅರಿವಳಿಕೆಯೂ ಇಲ್ಲದ ಕಾಲ.

ಕೊಕ್ಕೆಗಳು ಚರ್ಮವನ್ನು ಎತ್ತಿಹಿಡಿಯುತ್ತವೆ. ನೀವು ಬಗ್ಗಿ ನೋಡಿ. ಹಳದಿ ಕೊಬ್ಬಿನ ನಡುವೆ ಬಿಳಿ ಮುತ್ತಿನ ಬಣ್ಣದ, ಅಂಚು ಅಷ್ಟು ಸ್ಪಷ್ಟವಲ್ಲದ ಒಂದು ತುಂಡು. ಅದರಡಿ ಕೆಂಪು ಸ್ನಾಯು ಉಸಿರಿನ ಜೊತೆ ಏರಿಳಿಯುತ್ತಿದೆ. ವರ್ಷಗಟ್ಟಲೆ ಭಾರ ಎತ್ತಿದ ಎದೆ. ರಕ್ತನಾಳಗಳು ದಪ್ಪ, ಹೆಚ್ಚು. ಸುಟ್ಟು ರಕ್ತ ನಿಲ್ಲಿಸುವ ಕಾಟರಿಯ ತುದಿ ತಾಗಿದಲ್ಲೆಲ್ಲ ಸಣ್ಣ ಹೊಗೆ, ಸುಟ್ಟ ವಾಸನೆ. ಸರ್ಜನ್ ಗ್ರಂಥಿಯನ್ನು ಸ್ನಾಯುವಿನ ಹೊದಿಕೆಯಿಂದ ಬಿಡಿಸುತ್ತಾರೆ. ತೊಟ್ಟಿನ ಕೆಳಗೆ ಬಂದಾಗ ಮಾತ್ರ ಕೈ ನಿಧಾನವಾಗುತ್ತದೆ. ಪೂರ್ತಿ ತೆಗೆದರೆ ತೊಟ್ಟು ಕುಸಿದು ಅಲ್ಲೊಂದು ಹೊಂಡ ಬೀಳುತ್ತದೆ, ರಕ್ತ ಪೂರೈಕೆ ಕಡಿದರೆ ತೊಟ್ಟೇ ಸಾಯಬಹುದು. ಹೆಚ್ಚು ಬಿಟ್ಟರೆ ಉಬ್ಬು ಉಳಿಯುತ್ತದೆ. ಸುಮಾರು ಒಂದು ಸೆಂಟಿಮೀಟರ್ ದಪ್ಪದ ಪದರ ಬಿಟ್ಟು ಉಳಿದದ್ದನ್ನು ಬಿಡಿಸಿ ತೆಗೆಯುತ್ತಾರೆ. ಸರ್ಜನ್‌ನ ಕೈಚಳಕ ತಿಳಿಯುವುದು ತೆಗೆದ ತುಂಡಿನಲ್ಲಲ್ಲ, ಬಿಟ್ಟ ಈ ಪದರದಲ್ಲಿ.

ತುಂಡು ಫಾರ್ಮಲಿನ್ ಬಾಟಲಿಗೆ ಬೀಳುತ್ತದೆ, ಅಲ್ಲಿಂದ ಪೆಥಾಲಜಿಗೆ. ಕ್ಯಾನ್ಸರಿನ ಅನುಮಾನ ಇಲ್ಲದಿದ್ದರೂ ಕಳಿಸುವುದು ಒಳ್ಳೆಯ ರೂಢಿ. ಒಂದೊಂದು ರಕ್ತದ ಚುಕ್ಕೆಯನ್ನೂ ಹುಡುಕಿ ಮುಚ್ಚುತ್ತಾರೆ. ಇಂಥ ಎದೆಗಳಲ್ಲಿ ಒಳಗೇ ರಕ್ತ ಕಟ್ಟುವ ಭಯ ಹೆಚ್ಚು. ಸಣ್ಣ ಡ್ರೇನ್ ಕೊಳವೆ ಇಟ್ಟು, ತಾನೇ ಕರಗುವ ದಾರದಲ್ಲಿ ಹೊಲಿದು, ಬಿಗಿಯಾದ ಒತ್ತು ಜಾಕೆಟ್ ತೊಡಿಸುತ್ತಾರೆ. ಒಂದೇ ಕಡೆಯಾದ್ದರಿಂದ ಗಂಟೆಯೊಳಗೆ ಮುಗಿಯಿತು.

ಸಂಜೆ ವಾರ್ಡಿನಲ್ಲಿ ನರ್ಸ್ ಎರಡೆರಡು ಗಂಟೆಗೊಮ್ಮೆ ಬಂದು ಎದೆ ನೋಡಿ ಹೋಗುತ್ತಾರೆ. ಒಂದು ಕಡೆ ಇದ್ದಕ್ಕಿದ್ದಂತೆ ಬಿಗಿದು ಊದಿ ನೋವು ಏರಿದರೆ ಒಳಗೆ ರಕ್ತ ಕಟ್ಟಿದೆ ಎಂದರ್ಥ. ಮತ್ತೆ ಥಿಯೇಟರಿಗೆ ಒಯ್ಯಬೇಕಾಗಬಹುದು. ಮೊದಲ ಎರಡು ದಿನ ಈ ಎಚ್ಚರ. ಇವನಿಗೆ ಹಾಗಾಗಲಿಲ್ಲ. ಮರುದಿನ ನಡೆದಾಡಿ ಮನೆಗೆ ಹೋದ, ಡ್ರೇನ್ ಎರಡು ದಿನಕ್ಕೆ ತೆಗೆದರು. ಒತ್ತು ಜಾಕೆಟ್ ಹಗಲೂ ರಾತ್ರಿ ಸುಮಾರು ಆರು ವಾರ. ಎರಡು ಮೂರು ವಾರದ ಮೇಲೆ ಹಗುರ ವ್ಯಾಯಾಮ, ಎದೆಯ ವ್ಯಾಯಾಮ ಮಾತ್ರ ಆರು ವಾರದವರೆಗೆ ನಿಷೇಧ. ವಾಸಿಯಾಯಿತೆಂದು ಮೂರನೇ ವಾರವೇ ಬೆಂಚಿಗೆ ಮರಳಿ, ಒಳಗೆ ದ್ರವ ತುಂಬಿಸಿಕೊಂಡು ಬರುವವರನ್ನು ಸರ್ಜನ್‌ಗಳು ಆಗಾಗ ನೋಡುತ್ತಾರೆ. ತೊಟ್ಟಿನ ಸ್ಪರ್ಶ ಕೆಲವು ತಿಂಗಳು ಮಂದವಾಗಿರಬಹುದು. ಊತ ಪೂರ್ತಿ ಇಳಿದು ಎದೆಯ ನಿಜವಾದ ಆಕಾರ ಕಾಣಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಪೆಥಾಲಜಿ ವರದಿ ಬಂತು: ಬರೀ ಗ್ರಂಥಿ ಮತ್ತು ನಾರು, ಬೇರೇನೂ ಇಲ್ಲ.

ಒಂದು ಮಾತು ಹದಿಹರೆಯದ ಮಕ್ಕಳ ಅಪ್ಪ ಅಮ್ಮಂದಿರಿಗೆ. ಪ್ರಾಯಕ್ಕೆ ಬರುವ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಎದೆಯಲ್ಲಿ ಸ್ವಲ್ಪ ಗಂಟು ಬರುತ್ತದೆ, ಬಹುತೇಕ ಒಂದೆರಡು ವರ್ಷದಲ್ಲಿ ತಾನೇ ಇಳಿಯುತ್ತದೆ. ಅದಕ್ಕೆ ಬೇಕಾದದ್ದು ಒಮ್ಮೆ ವೈದ್ಯರ ಪರೀಕ್ಷೆ ಮತ್ತು ತಾಳ್ಮೆ. ನಾಚಿಕೆಯಿಂದ ಆ ಹುಡುಗ ಜಿಮ್ಮು ಸೇರಿ, ಎದೆ ಗಟ್ಟಿಮಾಡಲು ಹೋಗಿ ಇಂಜೆಕ್ಷನ್ನಿಗೆ ಬಿದ್ದರೆ, ತಾನಾಗಿ ಹೋಗಬೇಕಿದ್ದದ್ದು ಶಾಶ್ವತವಾಗಿ ಉಳಿಯಬಹುದು.

ಭಾರ ಎತ್ತುವ ಗೆಳೆಯರಿಗೆ ಹೇಳುವುದು ಇಷ್ಟು. ತೊಟ್ಟಿನ ಹಿಂದೆ ನೋವು ಅಥವಾ ಗಂಟು ಕಂಡ ವಾರವೇ ಹಾರ್ಮೋನು ತಜ್ಞರ ಹತ್ತಿರ ಹೋಗಿ. ಏನೇನು ತೆಗೆದುಕೊಂಡಿದ್ದೀರೋ ಎಲ್ಲವನ್ನೂ ಹೇಳಿ; ಅವರಿಗೆ ಬೇಕಾದದ್ದು ನಿಮ್ಮ ತಪ್ಪೊಪ್ಪಿಗೆಯಲ್ಲ, ಔಷಧಿಯ ಹೆಸರು. ಸೈಕಲ್ಲನ್ನು ಅವರ ಉಸ್ತುವಾರಿಯಲ್ಲೇ ನಿಲ್ಲಿಸಿ. ಹೊಸ ಗಂಟಿಗೆ ಮಾತ್ರೆ, ಹಳೆಯ ಗಂಟಿಗೆ ಚಾಕು, ಬರೀ ಕೊಬ್ಬಿಗೆ ಊಟ, ವ್ಯಾಯಾಮ, ಬೇಕಾದರೆ ಲೈಪೋಸಕ್ಷನ್. ಯಾವುದು ಎಂಬುದನ್ನು ವೈದ್ಯರ ಎರಡು ಬೆರಳು ಮತ್ತು ಒಂದು ರಕ್ತಪರೀಕ್ಷೆ ಹೇಳುತ್ತವೆ, ಜಿಮ್ಮಿನ ಬ್ಯಾಗು ಹೇಳುವುದಿಲ್ಲ. ಸೂಜಿ ನಿಲ್ಲಿಸಲು ಮನಸ್ಸಿಲ್ಲದಿದ್ದರೆ ಆಪರೇಷನ್ನಿಗೆ ದುಡ್ಡು ಹಾಕಬೇಡಿ.